ನೆರೆಯವನ ಅಂಗಡಿ, ನಮ್ಮ ಕಣಜ



ಬಲಶಾಲಿಯಾದ ನೆರೆಯವನೊಡನೆ ಕೊಡುಕೊಳ್ಳುವಿಕೆಯನ್ನು ನಿಲ್ಲಿಸಿದರೆ ಸಂಸಾರ ಸಾಗದು. ಹಾಗೆಂದು ಕಣಜದ ಬೀಗದ ಕೈಯನ್ನು ಅವನಿಗೊಪ್ಪಿಸಿದರೆ ಮನೆ ಉಳಿಯದು. ಗೃಹಸ್ಥರೆಲ್ಲರೂ ಬಲ್ಲ ಈ ಮಾತು ದೇಶಕ್ಕೂ ಸಲ್ಲುತ್ತದೆ. ಚೀನದೊಡನೆ ನಮ್ಮ ದೇಶದ ವ್ಯವಹಾರವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವೆನಿಸುತ್ತದೆ.

2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ವೀರಮರಣವನ್ನಪ್ಪಿದರು. ಆ ತಿಂಗಳ ಕೊನೆಯಲ್ಲಿ ಸರಕಾರವು ಚೀನದ 59 ಮೊಬೈಲ್ ಆ್ಯಪ್‌ಗಳನ್ನು ನಿಷೇಧಿಸಿತು. ಚೀನದ ವಸ್ತುಗಳನ್ನು ಕೊಳ್ಳಬಾರದೆಂಬ ಕೂಗು ಊರೂರಿನಲ್ಲಿ ಎದ್ದಿತು. ಆದರೆ ವ್ಯಾಪಾರವು ಬೇರೊಂದು ಹಾದಿಯನ್ನೇ ಹಿಡಿಯಿತು. 2024-25ರಲ್ಲಿ ನಾವು ಚೀನದಿಂದ ತರಿಸಿಕೊಂಡ ಸರಕಿನ ಬೆಲೆ 113 ಶತಕೋಟಿ ಡಾಲರನ್ನು ಮೀರಿತು. ನಾವು ಕಳುಹಿಸಿದ್ದು 14 ಶತಕೋಟಿಯಷ್ಟು ಮಾತ್ರ. 2024ರ ಅಕ್ಟೋಬರಿನಲ್ಲಿ ಗಡಿ ಗಸ್ತಿನ ಬಗ್ಗೆ ಒಪ್ಪಂದವಾಯಿತು. 2020ರಿಂದ ನಿಂತುಹೋಗಿದ್ದ ಕೈಲಾಸ ಮಾನಸ ಸರೋವರದ ಯಾತ್ರೆಯು 2025ರಲ್ಲಿ ಮತ್ತೆ ಆರಂಭವಾದುದು ಶಿವಭಕ್ತರಿಗೆಲ್ಲ ಸಂತಸದ ಸಂಗತಿ. ಆದರೂ ವ್ಯಾಪಾರದ ತಕ್ಕಡಿ ಮಾತ್ರ ಒಂದೇ ಕಡೆಗೆ ವಾಲಿದೆ.

ಹಿಮಾಲಯದ ಈ ಸಂಗತಿಯಿಂದ ದಾವಣಗೆರೆಗೇನು ಎಂದು ಕೇಳಬಹುದು. ನಮ್ಮ ಸೀಮೆಯ ಮೆಕ್ಕೆಜೋಳದ ರೈತನು ಮುಂಗಾರಿನಲ್ಲಿ ಬಿತ್ತುವಾಗ ಡಿ.ಎ.ಪಿ. ಗೊಬ್ಬರವನ್ನು ಬಯಸುತ್ತಾನೆ. 2023-24ರಲ್ಲಿ ಚೀನದಿಂದ 20 ಲಕ್ಷ ಟನ್ನಿಗೂ ಮಿಗಿಲಾಗಿ ಡಿ.ಎ.ಪಿ. ನಮ್ಮ ದೇಶಕ್ಕೆ ಬಂದಿತ್ತು. ಚೀನವು ರಫ್ತನ್ನು ಬಿಗಿಗೊಳಿಸಿದ ಕಾರಣ ಮರುವರ್ಷ ಅದರ ಅರ್ಧದಷ್ಟೂ ಬರಲಿಲ್ಲ. ತನ್ನ ರೈತರಿಗೆ ಮೊದಲು ಗೊಬ್ಬರ ದೊರೆಯಲೆಂದು ಒಂದು ದೇಶವು ಬಯಸಿದರೆ ಅದನ್ನು ತಪ್ಪೆನ್ನಲಾಗದು. ಒಬ್ಬನನ್ನೇ ಅಷ್ಟೊಂದು ನೆಚ್ಚಿದ್ದು ನಮ್ಮ ಕಡೆಯ ಕೊರತೆ. 2025ರಲ್ಲಿ ಸೌದಿ ಅರೇಬಿಯದಿಂದ ಐದು ವರ್ಷಗಳ ಕಾಲ ವರ್ಷಕ್ಕೆ 31 ಲಕ್ಷ ಟನ್ ಪಡೆಯಲು ಒಪ್ಪಂದ ಏರ್ಪಟ್ಟುದು ವಿವೇಕದ ಹೆಜ್ಜೆ.

ಇನ್ನು ಹರಿಹರದ ಕಡೆಗೆ ನೋಡೋಣ. ತುಂಗಭದ್ರೆಯ ಆಚೆಯ ದಡದ ಕುಮಾರಪಟ್ಟಣದಲ್ಲಿರುವ ಕಾರ್ಖಾನೆಯು ಹಾವೇರಿ ಜಿಲ್ಲೆಗೆ ಸೇರಿದ್ದರೂ ಹರಿಹರದ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅಲ್ಲಿ ಮರದ ತಿರುಳಿನಿಂದ ವಿಸ್ಕೋಸ್ ನಾರನ್ನು ತಯಾರಿಸುತ್ತಾರೆ. ಚೀನ ಮತ್ತು ಇಂಡೊನೇಷ್ಯಗಳಿಂದ ಅಗ್ಗವಾಗಿ ಬಂದು ಬೀಳುತ್ತಿದ್ದ ಇಂಥದೇ ನಾರಿನ ಮೇಲೆ 2010ರಲ್ಲಿ ವಿಶೇಷ ಸುಂಕವನ್ನು ವಿಧಿಸಲಾಯಿತು. 2021ರ ಆಗಸ್ಟಿನಲ್ಲಿ ಅದನ್ನು ತೆಗೆದುಹಾಕಲಾಯಿತು. ನಾರು ತಯಾರಿಸುವವನಿಗೆ ಆ ಸುಂಕವೇ ರಕ್ಷೆ. ನಾರನ್ನು ಕೊಂಡು ನೂಲು ತೆಗೆಯುವ ಗಿರಣಿಗೆ ಅದೇ ಹೊರೆ. ಹಿಂದೆ ಬಟ್ಟೆ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆಯ ಜನರಿಗೆ ಇವೆರಡೂ ಕಷ್ಟಗಳು ಅರ್ಥವಾಗುತ್ತವೆ. ಆದುದರಿಂದ ಬಾಗಿಲನ್ನು ಮುಚ್ಚಿಬಿಡಿ ಎನ್ನುವುದೂ ಪೂರ್ತಿ ತೆರೆದುಬಿಡಿ ಎನ್ನುವುದೂ ಸುಲಭದ ಮಾತುಗಳು. ಯಾವ ಸರಕಿಗೆ ಎಷ್ಟು ಕಾಲ ಎಷ್ಟು ರಕ್ಷಣೆ ಎಂದು ತೂಗಿ ನೋಡುವುದೇ ಕಠಿನ.

ಇಂಥ ತೂಕದ ನಡೆ ನಮ್ಮ ನಾಡಿನ ಇತಿಹಾಸಕ್ಕೆ ಹೊಸದಲ್ಲ. ಕೆಳದಿಯ ವೀರಶೈವ ಅರಸರಿಗೆ ಗೋವೆಯ ಪೋರ್ಚುಗೀಸರು ಪ್ರಬಲ ನೆರೆಯವರಾಗಿದ್ದರು. ಕಡಲಿನ ಮೇಲೆ ಅವರ ನೌಕಾಬಲ ದೊಡ್ಡದು. ಆದರೆ ಗೋವೆಯ ಒಲೆ ಉರಿಯಬೇಕಾದರೆ ಕರಾವಳಿಯ ಅಕ್ಕಿ ಬೇಕು. ಆ ಅಕ್ಕಿಯೂ ಮೆಣಸೂ ಕೆಳದಿಯ ಕೈಯಲ್ಲಿದ್ದವು. ಶಿವಪ್ಪನಾಯಕನು 1650ರ ದಶಕದಲ್ಲಿ ಹೊನ್ನಾವರ, ಬಸರೂರು, ಗಂಗೊಳ್ಳಿಗಳ ಪೋರ್ಚುಗೀಸ್ ಕೋಟೆಗಳನ್ನು ವಶಪಡಿಸಿಕೊಂಡನು. ಅಷ್ಟಾದರೂ ಕೆಳದಿಯು ವ್ಯಾಪಾರಕ್ಕೆ ಬೆನ್ನು ತಿರುಗಿಸಲಿಲ್ಲ. 1671ರಲ್ಲಿಯೂ, ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ 1678ರಲ್ಲಿಯೂ ಒಪ್ಪಂದಗಳಾಗಿ ಪೋರ್ಚುಗೀಸರ ವಖಾರಿಗಳಿಗೆ ಅವಕಾಶ ದೊರೆಯಿತು. ಇಲ್ಲಿ ಗಮನಿಸಬೇಕಾದುದೊಂದಿದೆ: ಎದುರಾಳಿಗೆ ಅನಿವಾರ್ಯವಾದ ಸರಕು ಕೆಳದಿಯ ಕಣಜದಲ್ಲಿತ್ತು, ಅದರಿಂದಲೇ ಅದರ ಮಾತಿಗೆ ತೂಕವಿತ್ತು. ಇಂದು ಔಷಧಿಯ ಮೂಲದ್ರವ್ಯ, ಗೊಬ್ಬರ, ಯಂತ್ರದ ಬಿಡಿಭಾಗಗಳ ವಿಷಯದಲ್ಲಿ ನಾವು ಗೋವೆಯ ಸ್ಥಾನದಲ್ಲಿದ್ದೇವೆ.

ಹಾಗಾದರೆ ಮಾಡಬೇಕಾದುದೇನು? ಆಟಿಕೆ, ಅಲಂಕಾರದ ದೀಪಗಳು ನೆರೆಯವನ ಅಂಗಡಿಯಿಂದ ಬಂದರೆ ದೇಶ ಮುಳುಗದು. ಅವು ಇಲ್ಲದೆಯೂ ಹಬ್ಬ ನಡೆದೀತು. ಆದರೆ ರೋಗಿಯ ಗುಳಿಗೆಗೂ ಹೊಲದ ಗೊಬ್ಬರಕ್ಕೂ ವಿದ್ಯುತ್ತು, ದೂರವಾಣಿಗಳ ಯಂತ್ರಗಳಿಗೂ ಒಬ್ಬನನ್ನೇ ನಂಬಿರುವುದು ಗಡಿಯಲ್ಲಿ ಕಾವಲು ಸಡಿಲಿಸಿದಂತೆಯೇ ಸರಿ. ಸರಕಾರದ ಹೊಣೆ ದೊಡ್ಡದು; ನಮ್ಮದೂ ಇಲ್ಲದಿಲ್ಲ. ವರ್ತಕರು ಮುಖ್ಯ ಸರಕಿಗೆ ಎರಡನೆಯ ಮೂಲವೊಂದನ್ನು ಹುಡುಕಿಟ್ಟುಕೊಳ್ಳಲಿ. ರೈತರು ಮಣ್ಣನ್ನು ಪರೀಕ್ಷೆ ಮಾಡಿಸಿ ಭೂಮಿಗೆ ಬೇಕಾದಷ್ಟೇ ಗೊಬ್ಬರ ಹಾಕಲಿ, ತಿಪ್ಪೆಗೊಬ್ಬರವನ್ನು ಮರೆಯದಿರಲಿ. ನಮ್ಮ ಮಕ್ಕಳು ಮಾರುವ ವಿದ್ಯೆಯ ಜೊತೆಗೆ ತಯಾರಿಸುವ ವಿದ್ಯೆಯನ್ನೂ ಕಲಿಯಲಿ. ವ್ಯಾಪಾರವೂ ಒಂದು ಕಾಯಕವೇ. ಕಾಯಕ ಮಾಡುವವನು ಪರಾಧೀನನಾಗಲಾರ.

ನೆರೆಯವನನ್ನು ದ್ವೇಷಿಸುವುದರಿಂದ ನಮ್ಮ ಕಣಜ ತುಂಬದು. ಅದು ತುಂಬಿದ್ದರೆ ಅವನೊಡನೆ ನಿರ್ಭಯವಾಗಿ ಸ್ನೇಹದಿಂದಲೂ ಇರಬಹುದು.