ನಮ್ಮ ಚರ್ಮವನ್ನು ಬೆಳಕು ಓದಬಲ್ಲುದೆ?

ಬಂಗಾರಪೇಟೆಯ ಆಚೆ, ಕಾಮಸಮುದ್ರದ ಕಡೆಯಿಂದ ನಮ್ಮ ತರಗತಿಗೆ ಬರುವ ವಿದ್ಯಾರ್ಥಿಯೊಬ್ಬನು ಧ್ರುವೀಕೃತ ಬೆಳಕಿನ ಪಾಠ ಮುಗಿದ ಮೇಲೆ ಪುಸ್ತಕವೊಂದರ ಬಣ್ಣದ ಚಿತ್ರವನ್ನು ತೋರಿಸಿ, "ಇದು ಬಿಳಿಯರ ಕೈ ಸಾರ್. ನಮ್ಮ ಕೈಯೊಳಗೂ ಬೆಳಕು ಹೀಗೆಯೇ ಹೋಗುತ್ತದೆಯೆ?" ಎಂದು ಕೇಳಿದನು. ರಾಗಿ ಹೊಲದ ಬಿಸಿಲಿನಲ್ಲಿ ಬೆಳೆದ ಹುಡುಗ. ಅವನ ಪ್ರಶ್ನೆ ನಮಗೆ ಸಣ್ಣದಾಗಿ ತೋರಲಿಲ್ಲ.

ಚರ್ಮದ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಅಥವಾ 5 ಪಾಲು ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಮೈಯ ಮಿರುಗೆಂದರೆ ಇದೇ. ಉಳಿದುದು ಕಾಗದದಷ್ಟೇ ತೆಳುವಾದ ಹೊರಚರ್ಮವನ್ನು ದಾಟಿ, ಒಳಚರ್ಮದ ಕೊಲಾಜೆನ್ ಎಳೆಗಳ ನಡುವೆ ಮಂಜಿನಲ್ಲಿ ಸಿಕ್ಕ ದೀಪದ ಬೆಳಕಿನಂತೆ ಚದರಿ, ಅಲ್ಪಾಂಶ ಮಾತ್ರ ಹೊರಬರುತ್ತದೆ. ದಾರಿಯಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಸುಂಕ ವಸೂಲು ಮಾಡುತ್ತದೆ. ಮಿರುಗು ಎಲ್ಲರಿಗೂ ಹೆಚ್ಚುಕಡಮೆ ಸಮಾನ. ಒಳಗಿನ ಸುದ್ದಿಯನ್ನು ತರುವ ಬೆಳಕು ಮಾತ್ರ ಕಪ್ಪು ಚರ್ಮದಿಂದ ಕಡಮೆ ಬರುತ್ತದೆ. ಆದುದರಿಂದ ಮಿರುಗನ್ನು ತೊಲಗಿಸುವ ಉಪಾಯ ನಮಗೇ ಹೆಚ್ಚು ಅಗತ್ಯ.

ಆ ಉಪಾಯವು ಸುಲಭವಾದುದು. ದೀಪದ ಮುಂದೆ ಒಂದು ಪೋಲರಾಯ್ಡ್ ಹಾಳೆ, ಕ್ಯಾಮರಾದ ಮುಂದೆ ಅದಕ್ಕೆ ಅಡ್ಡಲಾಗಿ ಇನ್ನೊಂದು. ಮಿರುಗು ತನ್ನ ಧ್ರುವೀಕರಣವನ್ನು ಉಳಿಸಿಕೊಂಡಿರುವುದರಿಂದ ಎರಡನೆಯ ಹಾಳೆಯಲ್ಲಿ ತಡೆಯಲ್ಪಡುತ್ತದೆ. ಒಳಗೆ ಚದರಿ ಅದನ್ನು ಕಳೆದುಕೊಂಡ ಬೆಳಕಿನಲ್ಲಿ ಅರ್ಧದಷ್ಟು ಪಾರಾಗುತ್ತದೆ. ಹುಡುಗನ ಮುಂಗೈಯನ್ನು ಹೀಗೆ ನೋಡಿದೆವು. ಬೆವರಿನ ಹೊಳಪು ಮಾಯವಾಗಿ, ಹಳೆಯ ಗಾಯದ ಕಲೆಯ ಅಂಚು ಸ್ಪಷ್ಟವಾಯಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಹೇಮಾ ರಾಮಚಂದ್ರನ್ ಮತ್ತು ಅವರ ಸಂಗಡಿಗರು ಮಂಜಿನಂತಹ ಮಾಧ್ಯಮಗಳ ಮೂಲಕ ಕಾಣಲು ಬಳಸಿರುವುದೂ ಧ್ರುವೀಕರಣದ ಇದೇ ಗುಣವನ್ನು.

ಇದು ಕೇವಲ ಕುತೂಹಲದ ಮಾತಲ್ಲ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಆಕ್ಸಿಮೀಟರನ್ನು ಕೋವಿಡ್ ಕಾಲದಲ್ಲಿ ಕಾಣದವರು ವಿರಳ. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆಮ್ಲಜನಕದ ಕೊರತೆಯನ್ನು ಆ ಉಪಕರಣವು ಬಿಳಿಯರಿಗಿಂತ ಕರಿಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಸಲ ಗುರುತಿಸದೆ ಹೋದುದು ಕಂಡುಬಂದಿತು. ಬಿಳಿಯ ಚರ್ಮದಲ್ಲಿ ಕೆಂಪಾಗಿ ತೋರುವ ಉರಿಯೂತವು ನಮ್ಮ ಚರ್ಮದಲ್ಲಿ ಬೂದಿಯಾಗಿಯೋ ನೇರಳೆಯಾಗಿಯೋ ತೋರಬಹುದು. ಪುಸ್ತಕದ ಚಿತ್ರವನ್ನೇ ನಂಬಿದವನಿಗೆ ಅದು ಕಾಣುವುದೇ ಇಲ್ಲ.

ಹಾಗಾದರೆ ಮೆಲನಿನ್ ಬರಿಯ ಅಡ್ಡಿಯೆ? ಅಲ್ಲವೆಂಬುದೇ ನಮ್ಮ ವಾದ. 1995ರಲ್ಲಿ ಮಿಲಿಂದ್ ರಾಜಾಧ್ಯಕ್ಷ ಮತ್ತು ಸಹೋದ್ಯೋಗಿಗಳು, ಚರ್ಮವನ್ನು ಕತ್ತರಿಸದೆ ಅದರ ಒಂದೊಂದೇ ಪದರವನ್ನು ತೋರಿಸುವ ಕಾನ್‌ಫೋಕಲ್ ಲೇಸರ್ ಸೂಕ್ಷ್ಮದರ್ಶಕದಿಂದ ಜೀವಂತ ಚರ್ಮವನ್ನು ನೋಡಿದರು. ಮೆಲನಿನ್ನಿನ ವಕ್ರೀಭವನಾಂಕ ಸುಮಾರು 1.7, ಸುತ್ತಲಿನ ಜೀವದ್ರವ್ಯದ್ದು 1.34ರ ಆಸುಪಾಸು. ಈ ಅಂತರದಿಂದಾಗಿ ಮೆಲನಿನ್ ತುಂಬಿದ ಜೀವಕೋಶಗಳು ಅಲ್ಲಿ ಬೆಳ್ಳಗೆ ಬೆಳಗಿದವು. ಬರಿಗಣ್ಣಿಗೆ ಕಪ್ಪಾದುದೇ ಅಲ್ಲಿ ದೀಪ!

ಆದುದರಿಂದ ಚರ್ಮವನ್ನು ನೋಡುವ ಯಾವ ಉಪಕರಣವನ್ನೇ ಆಗಲಿ ನಮ್ಮ ಆಸ್ಪತ್ರೆಗಳು ಕೊಳ್ಳುವ ಮುನ್ನ, ಅದನ್ನು ಎಂತಹ ಬಣ್ಣದ ಚರ್ಮಗಳ ಮೇಲೆ ಪರೀಕ್ಷಿಸಲಾಗಿದೆಯೆಂದು ಲಿಖಿತವಾಗಿ ಕೇಳಬೇಕು. ನಮ್ಮ ಜನರ ಚರ್ಮದ ಚಿತ್ರಸಂಗ್ರಹಗಳು ಇಲ್ಲಿಯೇ ಬೆಳೆಯಬೇಕು. ಅದಕ್ಕೆ ಭೌತಶಾಸ್ತ್ರದವರೂ ವೈದ್ಯರೂ ಒಂದೇ ಮೇಜಿಗೆ ಬರಬೇಕು. ಇಂದು ಇವರು ಒಬ್ಬರನ್ನೊಬ್ಬರು ಕಾಣುವುದು ಬಹುಶಃ ಜ್ವರ ಬಂದಾಗ ಮಾತ್ರ.

ಆ ಹುಡುಗನು ಕೆಟ್ಟ ಕ್ಯಾಲ್ಕ್ಯುಲೇಟರಿನ ಪರದೆಯಿಂದ ಪೋಲರಾಯ್ಡನ್ನು ಬಿಡಿಸಿ, ಎರಡು ತುಂಡು ಮಾಡಿಕೊಂಡು ಊರಿಗೆ ಹೋಗಿದ್ದಾನೆ. ಅಜ್ಜಿಯ ಕೈಯನ್ನೂ ನೋಡಬೇಕಂತೆ.