ಎರಡೇ ಟೀಮಿನ ಲೀಗ್

ಹೋದ ತಿಂಗಳು ಶನಿವಾರ ರಾತ್ರಿ ಬೆಂಗಳೂರಿಂದ ಗೋಪಾಳಕ್ಕೆ ಬಂದವಳು ಭಾನುವಾರ ಒಂಬತ್ತರವರೆಗೆ ಮಲಗೋದು ಅಂತ ತೀರ್ಮಾನಿಸಿದ್ದೆ. ಆರಕ್ಕೇ ಅಣ್ಣನ ಮಗಳು ಹೊದಿಕೆ ಎಳೆದಳು. ‘ಅತ್ತೆ, ಏಳಿ. ಭದ್ರಾವತಿಗೆ ಮ್ಯಾಚಿಗೆ ಹೋಗ್ಬೇಕು. ಜೊತೆಗೆ ದೊಡ್ಡೋರು ಯಾರಾದ್ರೂ ಇದ್ರೆ ಮಾತ್ರ ಅಮ್ಮ ಕಳ್ಸೋದಂತೆ.’

ನಾನು ದೊಡ್ಡವಳಾದೆ.

ಬಸ್ ಸ್ಟ್ಯಾಂಡಿನಲ್ಲಿ ಎಂಟು ಹುಡುಗಿಯರು, ಎರಡು ಬಾಸ್ಕೆಟ್‌ಬಾಲು, ಒಂದು ಡಬ್ಬಿ ಚಿತ್ರಾನ್ನ. ಎರಡು ಪ್ರೈವೇಟ್ ಬಸ್ಸು ಬಂದವು, ಯಾರೂ ಹತ್ತಲಿಲ್ಲ. ‘ಸರ್ಕಾರಿ ಬಸ್ಸೇ ಬರ್ಲಿ ಅತ್ತೆ, ಆಧಾರ್ ಕಾರ್ಡ್ ಇದೆ’ ಅಂದಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗ ಅದರಿಂದ ಬಾಸ್ಕೆಟ್‌ಬಾಲ್ ಟೀಮೊಂದು ಓಡಾಡುತ್ತೆ ಅಂತ ನಾನಂತೂ ಅಂದ್ಕೊಂಡಿರಲಿಲ್ಲ.

ದಾರಿಯಲ್ಲಿ ಕೇಳಿದೆ, ‘ಇದು ಯಾವ ಟೂರ್ನಮೆಂಟೇ?’

‘ಯಾವ್ದೂ ಅಲ್ಲ. ನಾವೇ ಮಾಡ್ಕೊಂಡಿದ್ದು. ನಾವು, ಭದ್ರಾವತಿಯವ್ರು, ಅಷ್ಟೇ. ಒಂದು ಭಾನುವಾರ ಅಲ್ಲಿ, ಒಂದು ಭಾನುವಾರ ಇಲ್ಲಿ. ಒಟ್ಟು ಎಂಟು ಮ್ಯಾಚು.’

ಎರಡೇ ಟೀಮಿನ ಲೀಗು! ನಗು ಬಂತು. ಆಮೇಲೆ ಅವಳು ಹೇಳಿದ ಲೆಕ್ಕ ಕೇಳಿ ನಗು ನಿಂತಿತು. ಕಳೆದ ವರ್ಷ ಇಡೀ ಸೀಸನ್‌ಗೆ ಅವಳು ಆಡಿದ್ದು ನಾಲ್ಕೇ ಮ್ಯಾಚು. ಮೂರು ಟೂರ್ನಮೆಂಟಿಗೆ ಹೋಗಿದ್ದರು. ಎರಡರಲ್ಲಿ ಮೊದಲ ಮ್ಯಾಚೇ ಸೋತು ವಾಪಸ್, ಇನ್ನೊಂದರಲ್ಲಿ ಎರಡನೇ ಮ್ಯಾಚಲ್ಲಿ. ಬಾಸ್ಕೆಟ್‌ಬಾಲ್ ಮ್ಯಾಚು ಹತ್ತತ್ತು ನಿಮಿಷದ ನಾಲ್ಕು ಕ್ವಾರ್ಟರ್. ಅಂದ್ರೆ ವರ್ಷಪೂರ್ತಿ ಪ್ರಾಕ್ಟೀಸ್ ಮಾಡಿ, ಮಳೆಗಾಲದಲ್ಲಿ ಸಿಮೆಂಟ್ ಕೋರ್ಟಿನ ನೀರನ್ನ ಗೋಣಿಚೀಲದಲ್ಲಿ ಒರೆಸಿ, ನಿಜವಾಗಿ ಆಡಿದ್ದು ಮೂರು ಗಂಟೆಗೂ ಕಮ್ಮಿ.

ನಾಕೌಟ್ ಅನ್ನೋದರ ಗುಣವೇ ಇದು. ಎಂಟು ಟೀಮ್ ಸೇರಿದರೆ ಏಳು ಮ್ಯಾಚಿಗೆ ಟೂರ್ನಮೆಂಟ್ ಮುಗಿಯುತ್ತೆ, ನಾಲ್ಕು ಟೀಮು ಮೊದಲ ದಿನವೇ ಬ್ಯಾಗ್ ಕಟ್ಟುತ್ತೆ. ಅದೇ ಎಂಟು ಟೀಮು ಲೀಗ್ ಆಡಿದರೆ 28 ಮ್ಯಾಚು, ಪ್ರತಿ ಟೀಮಿಗೂ ಏಳು. ಖರ್ಚು ಜಾಸ್ತಿ, ದಿನ ಜಾಸ್ತಿ, ನಿಜ. ಆದರೆ ನಾಕೌಟಲ್ಲಿ ಹೆಚ್ಚು ಆಡೋದು ಆಗಲೇ ಚೆನ್ನಾಗಿ ಆಡೋರು. ಕಲೀಬೇಕಾದೋರು ಬಸ್ಸಲ್ಲಿ ಕೂತಿರ್ತಾರೆ.

ನೋಡಿ, ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿ ಟೀಮಲ್ಲಿದ್ದಳು. ಅಲ್ಲಿ ಆ ಮಟ್ಟದ ಕಾಲೇಜು ಟೀಮಿಗೆ ಒಂದು ಸೀಸನ್ ಅಂದ್ರೆ ಸುಮಾರು ಮೂವತ್ತು ಮ್ಯಾಚು. ಅದಕ್ಕೂ ಮುಂಚೆ ಕೇರಳದ ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾಕ್ಕೆ ಹೋಗಿ, ವಿಕ್ಟೋರಿಯಾ ರಾಜ್ಯದ ಬಿಗ್ ವಿ ಲೀಗಲ್ಲಿ ರಿಂಗ್‌ವುಡ್ ಹಾಕ್ಸ್ ಪರ ಆಡಿ ಬಂದರು. ಅದು ಆ ದೇಶದ ದೊಡ್ಡ ಲೀಗೇನಲ್ಲ, ಒಂದು ರಾಜ್ಯದ್ದು. ನಮ್ಮ ದೇಶದ ಅತ್ಯುತ್ತಮ ಆಟಗಾರ್ತಿಗೂ ವಾರ ವಾರ ಆಡೋಕೆ ಅಷ್ಟು ದೂರ ಹೋಗಬೇಕಾಯ್ತು.

ನಮ್ಮಲ್ಲಿ ಪ್ರತಿಭೆ ಇಲ್ಲ ಅಂತೇನಿಲ್ಲ. 2017ರ ಜುಲೈನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ‘ಬಿ’ ಡಿವಿಷನ್ ಫೈನಲ್‌ನಲ್ಲಿ ಭಾರತದ ಹುಡುಗಿಯರು ಕಜಕಿಸ್ತಾನವನ್ನ 75-73ರಲ್ಲಿ ಸೋಲಿಸಿ ‘ಎ’ ಡಿವಿಷನ್‌ಗೆ ಏರಿದರು. 2019ರ ಸೆಪ್ಟೆಂಬರ್‌ನಲ್ಲಿ ಅದೇ ಬೆಂಗಳೂರಲ್ಲಿ ಏಷ್ಯಾ ಕಪ್ ನಡೆದಾಗ ನಮ್ಮವರು ಒಂದೂ ಮ್ಯಾಚ್ ಗೆಲ್ಲಲಿಲ್ಲ. ಕಪ್ ಗೆದ್ದಿದ್ದು ಜಪಾನ್. ಅಲ್ಲಿ ಹೆಂಗಸರಿಗೆ ವರ್ಷ ವರ್ಷ ನಡೆಯೋ ರಾಷ್ಟ್ರೀಯ ಲೀಗ್ ಇದೆ. ಎರಡು ಪಾಯಿಂಟಲ್ಲಿ ಗೆಲ್ಲೋದು ಛಲದಿಂದ ಆಗಬಹುದು. ಮೇಲೆ ಹತ್ತಿ ನಿಲ್ಲೋಕೆ ಮ್ಯಾಚುಗಳು ಬೇಕು.

ಭದ್ರಾವತಿ ಕೋರ್ಟಿಗೆ ಬಂದರೆ ಒಂದು ಬೋರ್ಡಿಗೆ ನೆಟ್ ಇಲ್ಲ. ಗೆರೆಗಳನ್ನ ಸುಣ್ಣದಲ್ಲಿ ಎಳೆದಿದ್ದರು. ರೆಫ್ರಿ ಒಬ್ಬ ಹಳೇ ಆಟಗಾರ, ಯಾರದ್ದೋ ಚಿಕ್ಕಪ್ಪ. ನಮ್ಮ ಹುಡುಗಿಯರ ಕೈಯಲ್ಲಿದ್ದ ಬಾಲ್ ನೋಡಿದೆ, ಏಳನೇ ನಂಬರಿಂದು. ಹೆಂಗಸರ ಆಟಕ್ಕೆ ಆರನೇ ನಂಬರ್ ಬಾಲ್, ಸ್ವಲ್ಪ ಸಣ್ಣದು, ಹಗುರ. ‘ಕಾಲೇಜಲ್ಲಿ ಹುಡುಗರು ಬಿಟ್ಟಿದ್ದೇ ನಮಗೆ’ ಅಂದಳು. ಅವತ್ತು ಭದ್ರಾವತಿಯವರ ಆರನೇ ನಂಬರ್ ಬಾಲಲ್ಲೇ ಆಡಿದರು. ಇವರ ಶಾಟ್‌ಗಳೆಲ್ಲ ಬೋರ್ಡಿಂದ ಹಾರಿ ಆಚೆ. ಹದಿನಾಲ್ಕು ಪಾಯಿಂಟಲ್ಲಿ ಸೋತರು. ಅದು ಸತತ ಐದನೇ ಸೋಲು.

ಇಲ್ಲಿ ನನ್ನದೊಂದು ಮಾತು ಹೇಳಲೇಬೇಕು. ನಾನೂ ಆಡ್ತಿದ್ದೆ. ಡಿಗ್ರಿ ಎರಡನೇ ವರ್ಷ ಬೇರೆ ಊರಿಗೆ ಹೋಗಿ ಎರಡು ರಾತ್ರಿ ಉಳಿಯಬೇಕಿತ್ತು. ಮನೆಯಲ್ಲಿ ‘ಸಾಕು ಆಟ’ ಅಂದರು. ಮೊದಲ ಮ್ಯಾಚಲ್ಲೇ ಸೋತು ಬರೋ ಟೀಮಿಗಾಗಿ ಅಪ್ಪನ ಹತ್ರ ಜಗಳ ಆಡೋಕೆ ನನಗೂ ಮನಸ್ಸಾಗಲಿಲ್ಲ. ಶೂಸ್ ತಂಗಿಗೆ ಕೊಟ್ಟೆ. ಮುಂದಿನ ಭಾನುವಾರವೂ ಮ್ಯಾಚ್ ಇದ್ದಿದ್ರೆ, ಅದೂ ಸಂಜೆಗೆ ಮನೆ ಸೇರೋ ದೂರದಲ್ಲಿ, ಬಿಡ್ತಿದ್ದೆನಾ? ಗೊತ್ತಿಲ್ಲ. ಆದರೆ ಬಿಡೋಕೆ ಇನ್ನೊಂಚೂರು ಕಷ್ಟ ಆಗ್ತಿತ್ತು.

ವಾಪಸ್ ಬರುವಾಗ ಬಸ್ಸಲ್ಲಿ ಯಾರೂ ಅಳಲಿಲ್ಲ. ನಮ್ಮವಳು ಫೋನಲ್ಲಿ ವಿಡಿಯೊ ತೋರಿಸಿ ‘ಆ ಉದ್ದದವಳು ಎಡಗೈಯಲ್ಲೇ ಡ್ರಿಬಲ್ ಮಾಡೋದು, ನೋಡ್ರೇ’ ಅಂತಿದ್ದಳು. ಮುಂದಿನ ವಾರ ಅವಳನ್ನ ಯಾರು ಹಿಡಿಯೋದು ಅನ್ನೋದೇ ಚರ್ಚೆ. ಸೋಲಿನ ಬಗ್ಗೆ ಹೀಗೆ ಮಾತಾಡೋಕೆ ‘ಮುಂದಿನ ವಾರ’ ಅನ್ನೋದೊಂದು ಇರಬೇಕು.

ಬೆಂಗಳೂರಿಗೆ ಬಂದ ಮೇಲೆ ಆರನೇ ನಂಬರಿನ ಒಂದು ಬಾಲ್ ಆರ್ಡರ್ ಮಾಡಿ ಗೋಪಾಳಕ್ಕೆ ಕಳಿಸಿದೆ. ನಾನು ಮಾಡಿದ್ದು ಅಷ್ಟೇ. ಉಳಿದ ಮೂರು ಮ್ಯಾಚಲ್ಲಿ ಇವರು ಎರಡು ಗೆದ್ದರು. ಒಟ್ಟು ಲೆಕ್ಕದಲ್ಲಿ ಭದ್ರಾವತಿಯವರೇ ಗೆದ್ದಿದ್ದು, ಆರು-ಎರಡು. ಕಪ್ಪಿಲ್ಲ, ಸರ್ಟಿಫಿಕೇಟಿಲ್ಲ. ಸೋತವರು ಗೆದ್ದವರಿಗೆ ಮಸಾಲೆದೋಸೆ ಕೊಡಿಸಿದರು.

ನಿಮ್ಮೂರಲ್ಲೂ ಒಂದು ಹಳೇ ಕೋರ್ಟು, ಆಟ ಬಿಟ್ಟ ಒಬ್ಬ ಅಕ್ಕ, ಶಿಳ್ಳೆ ಹೊಡೆಯೋಕೆ ಗೊತ್ತಿರೋ ಒಬ್ಬ ಚಿಕ್ಕಪ್ಪ ಇದ್ದೇ ಇರ್ತಾರೆ. ಊರಿಗೆ ಹೋದಾಗ ಒಂದು ಭಾನುವಾರ ಅವರಿಗೆ ಕೊಡಿ. ಜೊತೆಗೆ ಹೋಗೋ ದೊಡ್ಡವರಾಗೋದೂ ಸಣ್ಣ ಕೆಲಸ ಅಲ್ಲ.

ಮೊನ್ನೆ ಅತ್ತಿಗೆ ಫೋನ್ ಮಾಡಿದ್ದರು. ಅದೂ ಇದೂ ಮಾತಾಡಿ ಕೊನೆಗೆ, ‘ಜನವರಿಗೆ ತೀರ್ಥಹಳ್ಳಿ ಹುಡುಗೀರೂ ಸೇರ್ಕೋತಾರಂತೆ ಕಣೇ. ಇವಳು ದಿನಾ ಹೇಳ್ತಿದಾಳೆ. ಈ ಸಲ ನಾನೇ ಜೊತೆಗೆ ಹೋಗ್ತೀನಿ ಬಿಡು’ ಅಂದರು.