ಜೀಪಿನ ದೂರು ಯಾರ ಬಾಗಿಲಿಗೆ?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆಂದು ತಯಾರಾದ ಜೀಪು ನಮ್ಮ ದೇಶಕ್ಕೂ ಬಂದಿತು. ಮಹೀಂದ್ರ ಸಂಸ್ಥೆ ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಇಲ್ಲಿಯೇ ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಅಂದಿನಿಂದ ಇಂದಿನವರೆಗೆ ಘಟ್ಟದ ಊರುಗಳಲ್ಲಿ ಕಾಫಿ ಚೀಲ ಹೊತ್ತಿದ್ದು, ಶುಂಠಿ ಮೂಟೆ ಇಳಿಸಿದ್ದು, ಮುಂಗಾರಿನ ಕೆಸರಿನಲ್ಲಿ ಬಸುರಿಯನ್ನೂ ಹಾವು ಕಚ್ಚಿದವನನ್ನೂ ಆಸ್ಪತ್ರೆಗೆ ಮುಟ್ಟಿಸಿದ್ದು ಈ ಗಾಡಿಯೇ. 1985ರಲ್ಲಿ ಜಿಪ್ಸಿ ಬಂದಿತು, 2010ರಲ್ಲಿ ಥಾರ್ ಬಂದಿತು, 2020ರಲ್ಲಿ ಅದೇ ಥಾರ್ ಹೊಸ ವೇಷ ತೊಟ್ಟಿತು, 2023ರಲ್ಲಿ ಜಿಮ್ನಿ ಬಂದಿತು. ಹೆಸರುಗಳು ಬದಲಾದರೂ ನಮ್ಮವರ ಬಾಯಲ್ಲಿ ಇವೆಲ್ಲವೂ ಜೀಪೇ.

ಕೊಡ್ಲಿಪೇಟೆ, ಶನಿವಾರಸಂತೆ, ಸೋಮವಾರಪೇಟೆ ಎಲ್ಲಿಯೇ ಆಗಲಿ, ಮೆಕ್ಯಾನಿಕ್ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಜೀಪಿನ ಮಾಲೀಕರ ದೂರುಗಳು ಒಂದೊಂದಾಗಿ ಕಿವಿಗೆ ಬೀಳುತ್ತವೆ. ಹೇಳಿದಷ್ಟು ಮೈಲೇಜ್ ಕೊಡುವುದಿಲ್ಲ. ಸ್ಪ್ರಿಂಗ್ ಪ್ಲೇಟು ಮತ್ತೆ ಮುರಿಯಿತು. ಹಳ್ಳ ದಾಟಿದ ಮೇಲೆ ಬ್ರೇಕ್ ಹಿಡಿಯುವುದಿಲ್ಲ. ಫೋರ್ ವೀಲ್ ಹಾಕಿದರೆ ಮರಳಿ ತೆಗೆಯಲು ಬರುವುದಿಲ್ಲ. ವೇಗ ಹೆಚ್ಚಿದರೆ ಸ್ಟೀರಿಂಗ್ ನಡುಗುತ್ತದೆ. ಹೊಸ ಗಾಡಿಯಲ್ಲಿ ಎಂಥದೋ ದೀಪ ಹೊತ್ತಿಕೊಂಡು ಆರುವುದೇ ಇಲ್ಲ. ಈ ಮಾತುಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದೇ ತೀರ್ಮಾನಕ್ಕೆ: 'ಈಗಿನ ಗಾಡಿಗಳು ಮೊದಲಿನಂತಿಲ್ಲ.'

ಈ ತೀರ್ಮಾನ ಅವಸರದ್ದು. ಮೇಲಿನ ದೂರುಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ತಯಾರಕರ ಬಾಗಿಲಿಗೆ ಹೋಗಬೇಕಾದವು, ಕೆಲವು ಮಾರಾಟಗಾರರ ಬಾಗಿಲಿಗೆ, ಇನ್ನುಳಿದವು ಮಾಲೀಕರ ಮನೆಯ ಬಾಗಿಲಿಗೇ ಹಿಂದಿರುಗಬೇಕಾದವು. ಈ ಮೂರನ್ನೂ ಬೆರೆಸಿ ಅಂಗಡಿಯ ಕಟ್ಟೆಯ ಮೇಲೆ ಹರಟಿ ಎದ್ದು ಹೋಗುವುದರಿಂದ ತಯಾರಕರು ಹೊಣೆಯಿಂದ ತಪ್ಪಿಸಿಕೊಳ್ಳುತ್ತಾರೆ; ಗುಡ್ಡದ ಪೆಟ್ಟೂ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ.

ಮೊದಲನೆಯದಾಗಿ ತಯಾರಿಕೆಯ ದೋಷ. ಇದು ಕಲ್ಪನೆಯಲ್ಲ. 2021ರ ಫೆಬ್ರವರಿಯಲ್ಲಿ ಮಹೀಂದ್ರ ಸಂಸ್ಥೆ ತಾನಾಗಿಯೇ 1,577 ಡೀಸೆಲ್ ಥಾರ್ ವಾಹನಗಳನ್ನು ಹಿಂದಕ್ಕೆ ಕರೆಯಿತು. 2020ರ ಸೆಪ್ಟೆಂಬರ್ 7ರಿಂದ ಡಿಸೆಂಬರ್ 25ರವರೆಗೆ ತಯಾರಾದ ಆ ಗಾಡಿಗಳ ಎಂಜಿನ್ನಿನ ಕ್ಯಾಮ್‌ಶಾಫ್ಟ್ ಭಾಗದಲ್ಲಿ ದೋಷವಿರಬಹುದೆಂಬುದು ಅದಕ್ಕೆ ಕಾರಣ. ಇಂಥ ದೋಷಕ್ಕೆ ಚಾಲಕ ಎಷ್ಟು ಜಾಣನಾದರೂ ಪರಿಹಾರವಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ದೋಷವಿರುವ ವಾಹನಗಳನ್ನು ಕಡ್ಡಾಯವಾಗಿ ಹಿಂದಕ್ಕೆ ಕರೆಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷ ಮೀರದ ವಾಹನಗಳ ಬಗ್ಗೆ ನಿಗದಿತ ಪ್ರಮಾಣದಲ್ಲಿ ಮಾಲೀಕರ ದೂರುಗಳು ದಾಖಲಾದರೆ ಸರ್ಕಾರ ಕ್ರಮಕ್ಕೆ ಮುಂದಾಗಬಹುದು. ಇಲ್ಲಿ 'ದಾಖಲಾದರೆ' ಎಂಬ ಮಾತನ್ನು ಓದುಗರು ಗಮನಿಸಬೇಕು. ಕಟ್ಟೆಯ ಮೇಲಿನ ನೂರು ದೂರುಗಳು ಅಲ್ಲಿ ಸೊನ್ನೆಗೆ ಸಮ.

ಆದುದರಿಂದ ವಾರಂಟಿಯ ಅವಧಿಯಲ್ಲಿ ಗಾಡಿಯನ್ನು ರಿಪೇರಿಗೆ ಬಿಟ್ಟಾಗಲೆಲ್ಲ ಜಾಬ್ ಕಾರ್ಡಿನಲ್ಲಿ ತಮ್ಮ ದೂರು ತಾವು ಹೇಳಿದಂತೆಯೇ ಬರೆಯಲ್ಪಟ್ಟಿದೆಯೇ ಎಂದು ನೋಡಿ, ಅದರ ಪ್ರತಿಯನ್ನು ಪಡೆದು ಇಟ್ಟುಕೊಳ್ಳಬೇಕು. ಒಂದೇ ದೋಷ ಮೂರು ಬಾರಿ ಬಂದರೆ ಮೂರು ಕಾರ್ಡುಗಳೂ ಸಾಕ್ಷಿಯಾಗುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಗಾಡಿ ಕೊಂಡದ್ದು ಮೈಸೂರಿನಲ್ಲಾಗಿರಲಿ, ಬೆಂಗಳೂರಿನಲ್ಲಾಗಿರಲಿ, ಕೊಡ್ಲಿಪೇಟೆಯವರು ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು. ಕೊಟ್ಟ ಬೆಲೆ 50 ಲಕ್ಷ ರೂಪಾಯಿಯ ಒಳಗಿದ್ದರೆ ಪ್ರಕರಣ ಜಿಲ್ಲಾ ಆಯೋಗದ ವ್ಯಾಪ್ತಿಗೇ ಸೇರುತ್ತದೆ. ಕಾರಣ ಉಂಟಾದ ಎರಡು ವರ್ಷಗಳ ಒಳಗೆ ದೂರು ಸಲ್ಲಿಸಬೇಕು. ವಕೀಲರನ್ನು ಇಟ್ಟುಕೊಳ್ಳುವುದು ಕಡ್ಡಾಯವಲ್ಲ. ಮೊದಲ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಬಹುದು.

ಎರಡನೆಯ ಬಗೆಯ ದೂರು ಸ್ವಲ್ಪ ಸೂಕ್ಷ್ಮವಾದುದು. ಇಲ್ಲಿ ಗಾಡಿಯೂ ಸರಿಯಾಗಿರುತ್ತದೆ, ಚಾಲಕನೂ ತಪ್ಪು ಮಾಡಿರುವುದಿಲ್ಲ. ಆದರೆ ಗಾಡಿಯ ಸ್ವಭಾವಕ್ಕೂ ನಮ್ಮ ದಾರಿಯ ಸ್ವಭಾವಕ್ಕೂ ಹೊಂದಾಣಿಕೆಯಿರುವುದಿಲ್ಲ. ಆರದ ದೀಪದ ದೂರು ಅನೇಕ ವೇಳೆ ಇಂಥದು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಮಾನದಂಡದ ಫಲವಾಗಿ ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಒಂದು ಶೋಧಕ ಸೇರಿಕೊಂಡಿತು. ನಮ್ಮ ಗಾಳಿಗೆ ಇದು ಒಳ್ಳೆಯದೇ. ಆದರೆ ಹಿಡಿದಿಟ್ಟ ಮಸಿ ಸುಟ್ಟುಹೋಗಬೇಕಾದರೆ ಹೊಗೆ ಚೆನ್ನಾಗಿ ಕಾಯಬೇಕು. ಅದಕ್ಕೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮನಾದ ವೇಗದಲ್ಲಿ ಓಡಬೇಕು. ತೋಟದಿಂದ ಪೇಟೆಗೆ ನಾಲ್ಕು ಮೈಲಿ, ಅದೂ ಒಂದನೇ ಎರಡನೇ ಗೇರಿನಲ್ಲಿ, ಮತ್ತೆ ಎಂಜಿನ್ ನಿಲ್ಲಿಸಿ ಸಂತೆ, ಮತ್ತೆ ಮನೆ: ಹೀಗೆ ಬಳಸಿದರೆ ಮಸಿ ಸುಡದೆ ಶೋಧಕ ಕಟ್ಟಿಕೊಳ್ಳುತ್ತದೆ, ದೀಪ ಹೊತ್ತಿಕೊಳ್ಳುತ್ತದೆ. ಆಗಾಗ ಒಳ್ಳೆಯ ರಸ್ತೆಯಲ್ಲಿ ಒಂದಷ್ಟು ದೂರ ಹದವಾದ ವೇಗದಲ್ಲಿ ಓಡಿಸಿದರೆ ಬಹಳಷ್ಟು ಸಂದರ್ಭಗಳಲ್ಲಿ ಇದು ಬಗೆಹರಿಯುತ್ತದೆ. ದೀಪವನ್ನು ಲಕ್ಷಿಸದೆ ತಿಂಗಳುಗಟ್ಟಲೆ ಓಡಿಸಿದರೆ ರಿಪೇರಿಯ ಲೆಕ್ಕ ದೊಡ್ಡದಾಗುತ್ತದೆ.

ಫೋರ್ ವೀಲ್ ಕಚ್ಚಿಕೊಳ್ಳುವ ದೂರಿಗೂ ಇಂಥದೇ ಹಿನ್ನೆಲೆಯಿದೆ. ಈ ಗಾಡಿಗಳಲ್ಲಿ ಹೆಚ್ಚಿನವುಗಳ ಫೋರ್ ವೀಲ್ ವ್ಯವಸ್ಥೆ ಮುಂದಿನ ಆಕ್ಸಲನ್ನೂ ಹಿಂದಿನ ಆಕ್ಸಲನ್ನೂ ಬಿಗಿಯಾಗಿ ಜೋಡಿಸಿಬಿಡುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಡಾಂಬರಿನ ಮೇಲೆ, ಕಾಂಕ್ರೀಟಿನ ಮೇಲೆ ಜಾರಲು ಎಡೆಯಿಲ್ಲ. ಆ ಬಿಗಿತವೆಲ್ಲ ಗೇರುಗಳ ಮೇಲೆಯೇ ಕೂಡುತ್ತದೆ. ಟಯರು ಸವೆಯುತ್ತದೆ, ಲಿವರು ಅಲುಗುವುದಿಲ್ಲ. ಗಟ್ಟಿ ನೆಲದ ಮೇಲೆ ಫೋರ್ ವೀಲ್ ಹಾಕಬಾರದೆಂಬ ಈ ಒಂದು ಮಾತನ್ನು ಗಾಡಿ ಮಾರುವವರು ಕೊಳ್ಳುವವರಿಗೆ ತಿಳಿಯಹೇಳಬೇಕು. ಹಲವು ಲಕ್ಷ ರೂಪಾಯಿಯ ಗಾಡಿಯ ಜೊತೆ ಕೊಡುವ ಕೈಪಿಡಿ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ. ಓಡಿಸುವವನು ಅದನ್ನು ಓದಲಾರ. ಕನ್ನಡ ನಾಡಿನಲ್ಲಿ ಮಾರುವ ವಾಹನಕ್ಕೆ ಕನ್ನಡದ ಕೈಪಿಡಿ ಕೊಡಿ ಎಂದು ಕೇಳುವುದು ನಮ್ಮ ಹಕ್ಕು. ಈ ಬೇಡಿಕೆಯನ್ನು ಊರೂರಿನ ಮಾಲೀಕರು ಒಟ್ಟಾಗಿ ಇಡಬೇಕು.

ಮೂರನೆಯ ಬಗೆಯವು ನಾವೇ ತಂದುಕೊಂಡ ದೂರುಗಳು. ಮೈಲೇಜಿನ ಮಾತನ್ನೇ ತೆಗೆದುಕೊಳ್ಳೋಣ. ನೋಟಕ್ಕಾಗಿ ದೊಡ್ಡ ಟಯರು ಹಾಕಿಸಿದವರು, ಕಿಲೋಮೀಟರಿನ ಲೆಕ್ಕ ಹಳೆಯ ಟಯರಿನ ಸುತ್ತಳತೆಗೆ ಹೊಂದಿದ್ದೆಂಬುದನ್ನು ಮರೆಯುತ್ತಾರೆ. ಸುತ್ತಳತೆ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ಗಾಡಿ 110 ಕಿಲೋಮೀಟರ್ ಓಡಿದಾಗ ಮೀಟರು 100 ಎಂದಷ್ಟೇ ತೋರಿಸುತ್ತದೆ. ವೇಗವನ್ನೂ ಹಾಗೆಯೇ ಕಡಿಮೆ ತೋರಿಸುತ್ತದೆ, ಅದು ಅಪಾಯಕಾರಿ. ಭಾರವಾದ ಟಯರಿನಿಂದ ಎಂಜಿನ್ನಿಗೂ ಬ್ರೇಕಿಗೂ ಹೊರೆ ಹೆಚ್ಚುತ್ತದೆ, ಸ್ಟೀರಿಂಗಿನ ಕೀಲುಗಳು ಬೇಗ ಸವೆದು ನಡುಕ ಶುರುವಾಗುತ್ತದೆ. ನೋಂದಣಿಯಾದ ವಾಹನದ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಹೀಗೆ ಮಾರ್ಪಡಿಸಿದ ಗಾಡಿಯ ಮಾಲೀಕ ವಾರಂಟಿ, ವಿಮೆಗಳ ವಿಚಾರದಲ್ಲಿಯೂ ತೊಂದರೆಗೆ ಸಿಲುಕಬಹುದು.

ಹಳ್ಳದ ಬ್ರೇಕಿನ ದೂರು ಇನ್ನೊಂದು. ಡ್ರಮ್ಮಿನೊಳಗೆ ನೀರೂ ಮರಳೂ ಹೊಕ್ಕರೆ ಲೈನರು ಹಿಡಿಯುವುದಿಲ್ಲ, ಬೇಗ ತೇಯುತ್ತದೆ. ಓಡಿ ಓಡಿ ಕಾದ ಆಕ್ಸಲು ತಣ್ಣೀರಿನಲ್ಲಿ ಮುಳುಗಿದೊಡನೆ ಅದರೊಳಗಿನ ಗಾಳಿ ಕುಗ್ಗಿ, ಸೀಲುಗಳ ಸಂದಿನಿಂದಲೋ ಉಸಿರು ಕೊಳವೆಯಿಂದಲೋ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಡಿಫರೆನ್ಶಿಯಲ್ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆಯೆಂದೇ ಅರ್ಥ. ದಾಟಲೇಬೇಕಾದ ಹಳ್ಳವನ್ನು ನಿಧಾನವಾಗಿ ದಾಟಿ, ಆಚೆ ದಡದಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಒಣಗಿಸಿಕೊಳ್ಳುವುದು ಹಳೆಯ ಚಾಲಕರೆಲ್ಲ ಬಲ್ಲ ಪಾಠ. ಹಳ್ಳದ ನಡುವೆ ಗಾಡಿ ನಿಲ್ಲಿಸಿ ತೊಳೆಯುವುದು, ಚಿತ್ರ ತೆಗೆಸಿಕೊಳ್ಳಲು ನೀರೆರಚಿ ಓಡಿಸುವುದು ಈಚಿನ ಚಾಳಿ. ಅಲ್ಲಿ ಸೋರಿದ ಗ್ರೀಸೂ ಎಣ್ಣೆಯೂ ಕೆಳಗಿನ ಊರಿನವರು ಕುಡಿಯುವ ನೀರಿಗೆ ಸೇರುತ್ತದೆ.

ಇಲ್ಲಿಂದ ಮುಂದಕ್ಕೆ ಜೀಪಿನ ದೂರು ಗುಡ್ಡದ ದೂರೂ ಆಗುತ್ತದೆ. ಸ್ಪ್ರಿಂಗ್ ಪ್ಲೇಟನ್ನು ಮುರಿದ ಹಳ್ಳ ಯಾರು ತೋಡಿದ್ದು? ಒದ್ದೆ ಇಳಿಜಾರಿನಲ್ಲಿ ಚಕ್ರ ಹಿಡಿತ ತಪ್ಪಿ ತಿರುಗಿದಾಗ ಹುಲ್ಲಿನ ಬೇರು ಕಿತ್ತುಬರುತ್ತದೆ. ಚಕ್ರ ಒತ್ತಿದ ಮಣ್ಣು ಗಟ್ಟಿಯಾಗಿ ನೀರು ಹೀರುವುದನ್ನು ನಿಲ್ಲಿಸುತ್ತದೆ. ಹರಡಿಕೊಂಡು ಇಳಿಯಬೇಕಾದ ಮಳೆನೀರು ಆ ಗೀರಿನಲ್ಲಿ ಒಟ್ಟುಗೂಡಿ ರಭಸ ಪಡೆಯುತ್ತದೆ. ಈ ಮಳೆಗಾಲದ ಗೀರು ಮುಂದಿನ ಮಳೆಗಾಲಕ್ಕೆ ಕೊರಕಲಾಗುತ್ತದೆ. ಕೊರಕಲನ್ನು ತಪ್ಪಿಸಲು ಗಾಡಿಗಳು ಪಕ್ಕದ ಹುಲ್ಲಿಗೆ ಇಳಿಯುತ್ತವೆ. ಒಂದು ಹಾದಿ ಮೂರಾಗುತ್ತದೆ. ಇಳಿದ ಮಣ್ಣು ಗದ್ದೆಯ ತೋಡಿನಲ್ಲಿ ಹೂಳಾಗಿ ಕೂಡುತ್ತದೆ. ಸ್ಪ್ರಿಂಗ್ ಮುರಿದವನಿಗೆ ಅಂಗಡಿಯಿದೆ, ಬೇರು ಕಿತ್ತ ಗುಡ್ಡಕ್ಕೆ ಅಂಗಡಿಯಿಲ್ಲ.

ಮಾಂದಲಪಟ್ಟಿಯ ಉದಾಹರಣೆ ನಮ್ಮ ಕಣ್ಣ ಮುಂದಿದೆ. 2008ರಲ್ಲಿ ಬಂದ 'ಗಾಳಿಪಟ' ಚಲನಚಿತ್ರದ ನಂತರ ಮುಗಿಲುಪೇಟೆಯೆಂಬ ಹೆಸರಿನಿಂದ ನಾಡಿಗೆಲ್ಲ ಪರಿಚಿತವಾದ ಈ ಹುಲ್ಲುಗಾವಲು ಪುಷ್ಪಗಿರಿ ವನ್ಯಜೀವಿಧಾಮದ ಸೆರಗಿನಲ್ಲಿದೆ. ಆ ವನ್ಯಜೀವಿಧಾಮ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲೊಂದು. ಸಕಲೇಶಪುರ ಸೀಮೆಯ ಪಟ್ಲ ಬೆಟ್ಟವೂ ಅದೇ ಹಾದಿ ಹಿಡಿದಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದುದಕ್ಕೆ ಜೀಪುಗಳೇ ಕಾರಣವೆಂದು ಹೇಳುವುದು ಅನ್ಯಾಯವಾದೀತು. ಆದರೆ ಒಮ್ಮೆ ಕುಸಿದ ನೆಲ ಎಷ್ಟು ಸೂಕ್ಷ್ಮವೆಂಬುದನ್ನು ಕಂಡ ಮೇಲೂ ಒದ್ದೆ ಇಳಿಜಾರನ್ನು ಆಟದ ಬಯಲು ಮಾಡಿಕೊಳ್ಳುವುದು ವಿವೇಕವಲ್ಲ.

ಬಾಡಿಗೆ ಜೀಪಿನ ಚಾಲಕರ ಪಾಡನ್ನು ಮರೆತು ಈ ಮಾತು ಆಡುವಂತಿಲ್ಲ. ಸಾಲ ಮಾಡಿ ಗಾಡಿ ಕೊಂಡವರು, ಕಂತು ಕಟ್ಟಬೇಕಾದವರು ಅವರು. ಹೆಚ್ಚು ಸುತ್ತು ಹೊಡೆದರೆ ಹೆಚ್ಚು ದುಡ್ಡೆಂಬ ಲೆಕ್ಕದಲ್ಲಿ ಬೆಳಗಿನಿಂದ ಸಂಜೆಯವರೆಗೆ ಧಾವಿಸುತ್ತಾರೆ. ಗಳಿಸಿದುದರಲ್ಲಿ ದೊಡ್ಡ ಪಾಲು ಮತ್ತೆ ಪ್ಲೇಟು, ಕ್ಲಚ್ಚು, ಟಯರಿಗೇ ಹೋಗುತ್ತದೆ. ಇದಕ್ಕೆ ಪರಿಹಾರವಾಗಿ ತುದಿಯವರೆಗೂ ಕಾಂಕ್ರೀಟ್ ರಸ್ತೆ ಮಾಡಿ ಎನ್ನುವವರಿದ್ದಾರೆ. ಅವರು ಒಂದು ಕ್ಷಣ ಯೋಚಿಸಬೇಕು. ಕಾಂಕ್ರೀಟ್ ಬಂದ ದಿನ ಬೆಂಗಳೂರಿನ ಕಾರು ನೇರವಾಗಿ ಮೇಲೇರುತ್ತದೆ. ಅಂದಿಗೆ ಜೀಪಿನವರ ಅನ್ನವೂ ಹೋಯಿತು, ಗುಡ್ಡದ ಮೌನವೂ ಹೋಯಿತು.

ಇದಕ್ಕಿಂತ ಮೇಲಾದ ದಾರಿಯಿದೆ. ದಿನಕ್ಕೆ ಇಂತಿಷ್ಟೇ ಸುತ್ತು ಎಂದು ಮಿತಿ ಹಾಕಿ, ಸರದಿಯ ಮೇಲೆ ಎಲ್ಲ ಚಾಲಕರಿಗೂ ಹಂಚಬೇಕು. ದರವನ್ನು ಅದಕ್ಕೆ ತಕ್ಕಂತೆ ನಿಗದಿ ಮಾಡಬೇಕು. ಹಾದಿ ಒಂದೇ ಇರಬೇಕು, ಅಡ್ಡಹಾದಿಗಳನ್ನು ಮುಚ್ಚಬೇಕು. ಇಳಿಜಾರಿನಲ್ಲಿ ಅಲ್ಲಲ್ಲಿ ಓರೆಯಾಗಿ ಕಲ್ಲು ಹೂತು ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಪ್ರವೇಶ ಶುಲ್ಕದ ಒಂದು ಪಾಲು ಈ ಕೆಲಸಕ್ಕೇ ಮೀಸಲಾಗಬೇಕು. ಮಳೆ ಜಡಿಯುವ ದಿನಗಳಲ್ಲಿ ಹಾದಿ ಮುಚ್ಚುವುದನ್ನು ಚಾಲಕರ ಜೊತೆ ಕುಳಿತು ಮೊದಲೇ ತೀರ್ಮಾನಿಸಬೇಕು. ಇದರಿಂದ ಗಾಡಿಯ ಆಯುಸ್ಸೂ ಹೆಚ್ಚುತ್ತದೆ, ಗುಡ್ಡದ ಆಯುಸ್ಸೂ ಹೆಚ್ಚುತ್ತದೆ.

ಕಾಲೇಜಿನ ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ನಿಮ್ಮೂರಿನ ಒಂದು ಜೀಪು ಹಾದಿಯನ್ನು ಆರಿಸಿಕೊಳ್ಳಿ. ಮೇ ತಿಂಗಳ ಕೊನೆಯಲ್ಲಿ ಹತ್ತು ಕಡೆ ಗುರುತು ಮಾಡಿ, ಎರಡು ಗೂಟಗಳ ನಡುವೆ ದಾರ ಬಿಗಿದು, ಚಕ್ರದ ಗೀರು ಎಷ್ಟು ಆಳವೆಂದು ಅಳೆದು ಬರೆದಿಡಿ. ಅಕ್ಟೋಬರಿನಲ್ಲಿ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಜೊತೆಗೆ ಪೇಟೆಯ ಮೆಕ್ಯಾನಿಕ್ ಅಂಗಡಿಗಳಿಗೆ ಹೋಗಿ, ಆ ತಿಂಗಳುಗಳಲ್ಲಿ ಯಾವ ದೂರು ಎಷ್ಟು ಬಂದಿತೆಂದು ಕೇಳಿ ಪಟ್ಟಿ ಮಾಡಿ. ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಗ್ರಾಮಸಭೆಯಲ್ಲಿ ಓದಿ. ದೊಡ್ಡವರು ನಿಮ್ಮ ಭಾಷಣವನ್ನು ತಳ್ಳಿಹಾಕಬಹುದು, ನೀವು ಅಳೆದು ತಂದ ಲೆಕ್ಕವನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ಜೀಪು ನಮಗೆ ಬೇಕು. ಆಂಬ್ಯುಲೆನ್ಸ್ ಏರಲಾರದ ಹಾದಿಗಳು ನಮ್ಮಲ್ಲಿ ಇನ್ನೂ ಇವೆ. ಬೇಕಾದ ವಸ್ತುವನ್ನು ಜೋಪಾನ ಮಾಡುವುದು ಬೇಸಾಯಗಾರನ ಧರ್ಮ. ದೋಷವಿರುವ ಗಾಡಿಯನ್ನು ಮಾರಿದವರನ್ನು ಕಾಗದದ ಮೇಲೆ ಪ್ರಶ್ನಿಸೋಣ. ತಿಳಿಸಬೇಕಾದುದನ್ನು ತಿಳಿಸದವರಿಂದ ಕನ್ನಡದಲ್ಲಿ ಉತ್ತರ ಕೇಳೋಣ. ಉಳಿದ ದೂರುಗಳನ್ನು ಹೊತ್ತು ಅಂಗಡಿಗೆ ಹೋಗುವ ಮೊದಲು, ಗಾಡಿ ಬಂದ ಹಾದಿಯನ್ನೊಮ್ಮೆ ನಡೆದುಕೊಂಡು ಹೋಗಿ ನೋಡೋಣ.